ಸ್ನಾಯುಕ್ಷಯಪೀಡಿತ ಯುವಕರ ಮನೆಗಳಿಗೆ ಉಪಶಮನ ಆರೈಕೆ



ಸ್ನಾಯುಕ್ಷಯದಿಂದ ಬಳಲುವ ಮಗನನ್ನು ದೊಡ್ಡಾಸ್ಪತ್ರೆಗೆ ತೋರಿಸಿಕೊಂಡು ಬಂದ ತಂದೆತಾಯಿಗಳು ಊರಿಗೆ ಸಾಮಾನ್ಯವಾಗಿ ಒಂದೇ ಮಾತನ್ನು ಹೊತ್ತು ತರುತ್ತಾರೆ: "ಇದಕ್ಕೆ ಔಷಧವಿಲ್ಲವಂತೆ." ವೈದ್ಯರು ಹೇಳಿರುವುದು, ಕಾಯಿಲೆಯನ್ನು ಬೇರುಸಹಿತ ಕೀಳುವ ಔಷಧವಿಲ್ಲ ಎಂದು. ಮನೆಯವರಿಗೆ ಕೇಳಿಸಿರುವುದು, ಇನ್ನು ಮಾಡುವುದೇನೂ ಉಳಿದಿಲ್ಲ ಎಂದು. ಅಂದಿನಿಂದ ಆಸ್ಪತ್ರೆಯ ದಾರಿ ಮರೆತುಹೋಗುತ್ತದೆ. ಹುಡುಗ ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಒಳಕೋಣೆಗೆ ಸರಿಯುತ್ತಾನೆ. ಕೊನೆಗೊಂದು ರಾತ್ರಿ ಉಸಿರು ಕಟ್ಟಿದಾಗ ಏನು ಮಾಡಬೇಕೆಂದು ಯಾರಿಗೂ ತಿಳಿದಿರುವುದಿಲ್ಲ.

ಆ ಎರಡು ಮಾತುಗಳ ನಡುವಿನ ಅಂತರವು ಒಬ್ಬ ಯುವಕನ ಆಯುಷ್ಯದಲ್ಲಿ ಹತ್ತು ವರ್ಷಗಳಷ್ಟಾಗಬಹುದು. ಆ ಹತ್ತು ವರ್ಷಗಳನ್ನೂ ಅವುಗಳೊಳಗಿನ ನೆಮ್ಮದಿಯನ್ನೂ ಗಳಿಸಿಕೊಡುವ ಸೇವೆಗೆ ಉಪಶಮನ ಆರೈಕೆ ಎಂದು ಹೆಸರು. ವೈದ್ಯರು ಅದನ್ನು ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕೊತ್ತಗೆರೆ ಹೋಬಳಿಯ ಹಾಗೂ ಸುತ್ತಲಿನ ಭಕ್ತಕುಟುಂಬಗಳಿಗೂ, ಅವರ ನೆರೆಹೊರೆಯವರಿಗೂ ಈ ಆರೈಕೆಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಕಾಯಿಲೆಯ ಸ್ವರೂಪ

ಸ್ನಾಯುಕ್ಷಯದಲ್ಲಿ, ಅಂದರೆ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ, ಹಲವು ಬಗೆಗಳಿವೆ. ಗಂಡುಮಕ್ಕಳನ್ನು ಹೆಚ್ಚಾಗಿ ಕಾಡುವ, ತೀವ್ರವಾದ ಬಗೆಗೆ ಡುಶೇನ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯ ಡುಶೇನ್ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಆ ಹೆಸರು ಬಂದಿತು. ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆ. ಸ್ನಾಯುಗಳ ಕೋಶಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳ ದೇಹದಲ್ಲಿ ತಯಾರಾಗುವುದಿಲ್ಲ. ಆದಕಾರಣ ಪ್ರತಿ ಚಲನೆಯಲ್ಲಿಯೂ ಸ್ನಾಯು ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಬೆಕರ್ ಎಂಬ ಇನ್ನೊಂದು ಬಗೆಯಲ್ಲಿ ಇದೇ ಪ್ರೋಟೀನು ಅಲ್ಪಸ್ವಲ್ಪ ಇರುವುದರಿಂದ ಕಾಯಿಲೆ ನಿಧಾನವಾಗಿ ಸಾಗುತ್ತದೆ.

ಎರಡರಿಂದ ಐದು ವರ್ಷದೊಳಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮಗು ಪದೇ ಪದೇ ಬೀಳುತ್ತದೆ, ತುದಿಗಾಲಿನಲ್ಲಿ ನಡೆಯುತ್ತದೆ, ಮೀನಖಂಡ ದಪ್ಪವಾಗಿ ಕಾಣುತ್ತದೆ. ನೆಲದಿಂದ ಏಳುವಾಗ ಕೈಗಳನ್ನು ತೊಡೆಯ ಮೇಲೆ ಊರಿಕೊಂಡು, ತನ್ನ ಮೈಯನ್ನೇ ಹತ್ತಿದಂತೆ ಏಳುತ್ತದೆ. ಹತ್ತರಿಂದ ಹನ್ನೆರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ನಡಿಗೆ ನಿಲ್ಲುತ್ತದೆ. ಬಳಿಕ ತೋಳುಗಳು, ಬೆನ್ನು, ಕೊನೆಗೆ ಉಸಿರಾಟದ ಸ್ನಾಯುಗಳು ಹಾಗೂ ಹೃದಯ ದುರ್ಬಲವಾಗುತ್ತವೆ. ಕಣ್ಣುಗಳನ್ನು ಹೊರಳಿಸುವ ಸ್ನಾಯುಗಳು ಮಾತ್ರ ಈ ಕಾಯಿಲೆಗೆ ಸಿಲುಕುವುದಿಲ್ಲ. ಕೆಲವು ಮಕ್ಕಳಿಗೆ ಕಲಿಕೆಯಲ್ಲಿ ತೊಡಕುಂಟಾದರೂ ಬಹುತೇಕರ ಬುದ್ಧಿ ಚುರುಕಾಗಿಯೇ ಇರುತ್ತದೆ.

ಇಂಗ್ಲೆಂಡಿನ ನ್ಯೂಕ್ಯಾಸಲ್ ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹವಾಗಿದೆ. 1960ರ ದಶಕದಲ್ಲಿ ಅಲ್ಲಿಯ ಡುಶೇನ್ ಪೀಡಿತರು ಸರಾಸರಿ 14.4 ವರ್ಷಕ್ಕೆ ತೀರಿಕೊಳ್ಳುತ್ತಿದ್ದರು. 1990ರ ನಂತರ ರಾತ್ರಿಯ ವೇಳೆ ಉಸಿರಾಟದ ಯಂತ್ರದ ಆಸರೆ ಪಡೆದವರಲ್ಲಿ ಆ ಸರಾಸರಿ 25.3ಕ್ಕೆ ಏರಿತು. ಕಾಯಿಲೆಯನ್ನು ಗುಣಪಡಿಸುವ ಔಷಧ ಆಗಲೂ ಇರಲಿಲ್ಲ. ಬದಲಾದದ್ದು ಆರೈಕೆಯ ಕ್ರಮ. ಇಂದು ಮೂವತ್ತು ದಾಟಿ ಬದುಕಿರುವವರೂ ಇದ್ದಾರೆ.

ತಾಯಿಯ ಮೇಲೆ ಹೊರಿಸುವ ದೋಷ

ಡಿಸ್ಟ್ರೋಫಿನ್‌ನ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದರಲ್ಲಿ ಊನವಿದ್ದರೂ ಇನ್ನೊಂದು ಕಾಪಾಡುತ್ತದೆ. ಗಂಡಿಗೆ ಇರುವುದು ಒಂದೇ. ತಾಯಿ ವಾಹಕಿಯಾಗಿದ್ದಲ್ಲಿ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಂಭವ ಅರ್ಧದಷ್ಟು; ಪ್ರತಿ ಹೆಣ್ಣುಮಗಳು ವಾಹಕಿಯಾಗುವ ಸಂಭವವೂ ಅರ್ಧದಷ್ಟು. ಆದರೆ ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ತಾಯಿ ವಾಹಕಿಯೇ ಆಗಿರುವುದಿಲ್ಲ, ಊನವು ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ.

ಈ ವಿಜ್ಞಾನವು ಅರ್ಧಂಬರ್ಧ ತಿಳಿದಾಗ ಹಳ್ಳಿಯ ಮನೆಗಳಲ್ಲಿ ಸೊಸೆಯ ಮೇಲೆ ಆಯುಧವಾಗಿ ಎರಗುತ್ತದೆ. "ನಿನ್ನ ತವರಿನಿಂದ ಬಂದದ್ದು" ಎಂಬ ಮಾತು ಕೇಳುವವಳು, ರಾತ್ರಿಯೆಲ್ಲ ಎದ್ದು ಆ ಮಗನನ್ನು ಹೊರಳಿಸುವವಳೂ ಹೌದು. ವಂಶವಾಹಿಯನ್ನು ಯಾರೂ ಆಯ್ದುಕೊಂಡು ಹುಟ್ಟುವುದಿಲ್ಲ. ಪೂರ್ವಜನ್ಮದ ಕರ್ಮವೆಂದು ಹೇಳಿ ನೊಂದ ಮನೆಯಿಂದ ದೂರ ನಿಲ್ಲುವುದು ಶರಣರ ದಾರಿಯೂ ಅಲ್ಲ. ಕುಟುಂಬದ ಹಿರಿಯರು ಮಾಡಬೇಕಾದ ಕೆಲಸ ಬೇರೆಯಿದೆ: ಹುಡುಗನ ಅಕ್ಕತಂಗಿಯರಿಗೂ ತಾಯಿಯ ಸಹೋದರಿಯರಿಗೂ ಮದುವೆ, ಬಸಿರುಗಳಿಗೆ ಮುನ್ನ ತಳಿಸಲಹೆ ಹಾಗೂ ರಕ್ತಪರೀಕ್ಷೆ ದೊರೆಯುವಂತೆ ನೋಡಿಕೊಳ್ಳುವುದು. ಪರೀಕ್ಷೆಯ ಫಲಿತಾಂಶ ಆ ಹೆಣ್ಣುಮಗಳಿಗೆ ಸೇರಿದ ಗುಟ್ಟು. ಅದು ಊರಿನ ಮಾತಾಗಬಾರದು.

ಉಪಶಮನ ಎಂದರೇನು

ಪ್ಯಾಲಿಯೇಟಿವ್ ಎಂಬ ಪದದ ಮೂಲ ಲ್ಯಾಟಿನ್ನಿನ ಪ್ಯಾಲಿಯಂ, ಅಂದರೆ ಹೊದಿಕೆ. ಚಳಿಯನ್ನು ಓಡಿಸಲಾಗದಿದ್ದರೂ ಹೊದಿಸಬಹುದೆಂಬ ಭಾವ ಅದರಲ್ಲಿದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಬಳಿಕ ಸಮಾಜಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ದುಡಿದವರು. ರೋಗಿಯ ನೋವು ದೇಹದ್ದಷ್ಟೇ ಅಲ್ಲ. ಮನಸ್ಸು, ಕುಟುಂಬ, ಹಣಕಾಸು, ಅಧ್ಯಾತ್ಮ ಎಲ್ಲವೂ ಸೇರಿದ ಸಮಗ್ರ ನೋವು ಎಂದು ಅವರು ಕಂಡುಕೊಂಡರು.

ನಮ್ಮ ರಾಜ್ಯದಲ್ಲಿ ಈ ಸೇವೆ ಬಹುಮಟ್ಟಿಗೆ ಕ್ಯಾನ್ಸರ್‌ನೊಂದಿಗೆ ಬೆಸೆದುಕೊಂಡಿದೆ. 1999ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಕರುಣಾಶ್ರಯವೂ ಮುಖ್ಯವಾಗಿ ಕ್ಯಾನ್ಸರ್ ಪೀಡಿತರಿಗಾಗಿ ಹುಟ್ಟಿದ್ದು. ಆದ್ದರಿಂದ ಉಪಶಮನವೆಂದರೆ ಕೊನೆಯ ಕೆಲವು ವಾರಗಳ ಸೇವೆ ಎಂಬ ತಪ್ಪು ತಿಳಿವಳಿಕೆ ಬೆಳೆದಿದೆ. ಡುಶೇನ್‌ನಂತಹ ಕಾಯಿಲೆಯಲ್ಲಿ ಅದು ಹದಿನೈದು ಇಪ್ಪತ್ತು ವರ್ಷಗಳ ಸಂಗಾತ. ಕಾಯಿಲೆ ಗುರುತಾದ ದಿನವೇ ಅದು ಮೊದಲಾಗಬೇಕು, ಉಳಿದ ಚಿಕಿತ್ಸೆಯ ಜೊತೆಜೊತೆಗೇ ನಡೆಯಬೇಕು. ಜಗತ್ತಿನಲ್ಲಿ ಈ ಆರೈಕೆಯ ಅಗತ್ಯವಿರುವವರ ಪೈಕಿ ಸುಮಾರು ಶೇ. 14ರಷ್ಟು ಮಂದಿಗೆ ಮಾತ್ರ ಅದು ದೊರೆಯುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ದೇಹದ ಆರೈಕೆ: ಮನೆಯವರು ತಿಳಿದಿರಬೇಕಾದದ್ದು

ಮೊದಲನೆಯದು ಉಸಿರಾಟ. ನಡಿಗೆ ನಿಂತ ಬಳಿಕ ಶ್ವಾಸಸಾಮರ್ಥ್ಯದ ಪರೀಕ್ಷೆಯನ್ನು ಕಾಲಕಾಲಕ್ಕೆ ತಪ್ಪದೆ ಮಾಡಿಸಬೇಕು. ತೊಂದರೆ ಮೊದಲು ತಲೆದೋರುವುದು ನಿದ್ರೆಯಲ್ಲಿ. ಬೆಳಗ್ಗೆ ಏಳುವಾಗ ತಲೆನೋವು, ಕೆಟ್ಟ ಕನಸು, ಹಗಲು ತೂಕಡಿಕೆ, ಊಟ ಬೇಡವೆನ್ನುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಇವೆಲ್ಲ ರಾತ್ರಿ ಉಸಿರು ಸಾಲದಾಗಿರುವುದರ ಸೂಚನೆಗಳು. ಮನೆಯವರು ಇವನ್ನು ಸೋಮಾರಿತನವೆಂದೋ ಬೇಸರವೆಂದೋ ಎಣಿಸಬಾರದು. ಮುಖವಾಡದ ಮೂಲಕ ಗಾಳಿ ಒದಗಿಸುವ ಬೈಪ್ಯಾಪ್ ಯಂತ್ರವನ್ನು ಮನೆಯಲ್ಲಿಯೇ ಬಳಸಬಹುದು. ಕಫ ಹೊರಹಾಕಲು ಬಲ ಸಾಲದಾದಾಗ ಆಂಬು ಚೀಲದಿಂದ ಉಸಿರು ತುಂಬಿಸಿ ಕೆಮ್ಮಿಸುವ ಕ್ರಮವನ್ನು ವೈದ್ಯರೂ ಫಿಸಿಯೋಥೆರಪಿಸ್ಟರೂ ಕಲಿಸಿಕೊಡುತ್ತಾರೆ.

ಎರಡನೆಯದು ಹೃದಯ. ಎದೆನೋವಾಗಲಿ ಏದುಸಿರಾಗಲಿ ಇಲ್ಲದೆಯೇ ಹೃದಯ ಸೋಲತೊಡಗಬಹುದು. ಆದ್ದರಿಂದ ಕಾಯಿಲೆ ಗುರುತಾದಂದಿನಿಂದ ಎಕೋ ಮುಂತಾದ ಹೃದಯಪರೀಕ್ಷೆ ನಿಯಮಿತವಾಗಿ ನಡೆಯಬೇಕು. ಲಕ್ಷಣಗಳಿಲ್ಲದಿದ್ದರೂ ಹತ್ತು ವರ್ಷದ ಹೊತ್ತಿಗೆ ಹೃದಯರಕ್ಷಕ ಮಾತ್ರೆಗಳನ್ನು ಆರಂಭಿಸುವುದು ಇಂದಿನ ರೂಢಿ.

ಮೂರನೆಯದು ತುರ್ತು ಸಂದರ್ಭ. ಈ ಮೂರು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದು ಹುಡುಗನ ಕಡತದ ಮೇಲೆಯೇ ಇಟ್ಟಿರಬೇಕು: ಸ್ಟೆರಾಯ್ಡ್ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವಂತಿಲ್ಲ; ಉಸಿರಾಟದ ಆಸರೆಯಿಲ್ಲದೆ ಆಮ್ಲಜನಕವನ್ನು ಮಾತ್ರ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅಪಾಯವಾಗಬಹುದು; ಅರಿವಳಿಕೆಯಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸಲ್ಲದು. 108ರ ವಾಹನದಲ್ಲಿ ಅಪರಿಚಿತ ವೈದ್ಯರ ಮುಂದೆ ನಡುರಾತ್ರಿ ಹೋಗಿ ನಿಲ್ಲಬೇಕಾದಾಗ ಆ ಹಾಳೆ ಮಾತನಾಡುತ್ತದೆ.

ಇವುಗಳ ಜೊತೆಗೆ ದಿನನಿತ್ಯದ ಸಣ್ಣ ನೋವುಗಳಿವೆ. ಒಂದೇ ಮಗ್ಗುಲಲ್ಲಿ ಮಲಗಿದ ಸೆಡೆತ, ಬೆನ್ನುನೋವು, ಮಲಬದ್ಧತೆ, ನುಂಗಲು ಕಷ್ಟ. ಇವು ಚಿಕ್ಕವೆಂದು ಯಾರೂ ಕೇಳುವುದಿಲ್ಲ, ಹುಡುಗನೂ ಹೇಳುವುದಿಲ್ಲ. ಉಪಶಮನ ವೈದ್ಯರು ಕೇಳುವ ಮೊದಲ ಪ್ರಶ್ನೆಗಳೇ ಇವು.

ಮನೆಯವರ ಆರೈಕೆ

ಹದಿನೆಂಟು ವರ್ಷದ ಯುವಕನೊಬ್ಬ ರಾತ್ರಿ ತಾನಾಗಿ ಮಗ್ಗುಲು ಬದಲಿಸಲಾರ. ಕೈ ಜೋಮು ಹಿಡಿದರೆ, ಹೊದಿಕೆ ಜಾರಿದರೆ, ಕಿವಿ ದಿಂಬಿನಡಿ ಮಡಿಚಿಕೊಂಡರೆ ತಾಯಿಯನ್ನೇ ಕೂಗಬೇಕು. ಒಂದು ರಾತ್ರಿಗೆ ಹಲವು ಬಾರಿ ಎದ್ದು, ಬೆಳಗ್ಗೆ ಕೊಟ್ಟಿಗೆ, ಒಲೆ, ಹೊಲಗಳಿಗೆ ಹೊರಡುವ ಆ ತಾಯಿಯ ಬೆನ್ನಿಗೆ ಚಿಕಿತ್ಸೆ ಯಾರದು? ತೆಂಗಿನ ತೋಟವನ್ನು ಅಡವಿಟ್ಟ ತಂದೆಯ ನಿದ್ರೆಗೆ? ತನ್ನ ಪರೀಕ್ಷೆಯ ಅಂಕಗಳನ್ನು ಮನೆಯಲ್ಲಿ ಯಾರೂ ಕೇಳುವುದಿಲ್ಲವೆಂದು ಸುಮ್ಮನಾಗಿರುವ ತಂಗಿಗೆ? ಉಪಶಮನ ಆರೈಕೆಯ ದೃಷ್ಟಿಯಲ್ಲಿ ಇವರೆಲ್ಲರೂ ಆರೈಕೆಗೆ ಪಾತ್ರರು.

ಕೆಲವು ಬದಲಾವಣೆಗಳಿಗೆ ಹೆಚ್ಚು ಹಣ ಬೇಕಿಲ್ಲ. ಹೊಸ್ತಿಲಿಗೆ ಹೊಂದಿಸಿದ ಇಳಿಜಾರು ಹಲಗೆ, ಬಚ್ಚಲಿನಲ್ಲಿ ಕಮೋಡ್ ಕುರ್ಚಿ, ಬಾಗಿ ಎತ್ತಬೇಕಿಲ್ಲದಷ್ಟು ಎತ್ತರದ ಮಂಚ, ಒಬ್ಬರೇ ಎತ್ತದೆ ಇಬ್ಬರು ಗಟ್ಟಿ ಹೊದಿಕೆಯಲ್ಲಿ ಎತ್ತುವ ಕ್ರಮ. ಎಲ್ಲಕ್ಕಿಂತ ಮುಖ್ಯವಾದದ್ದು, ತಾಯಿ ವಾರಕ್ಕೊಂದು ರಾತ್ರಿಯಾದರೂ ಎಚ್ಚರವಾಗದೆ ಮಲಗುವಂತೆ ಮನೆಯ ಇತರರು ಸರದಿ ವಹಿಸಿಕೊಳ್ಳುವುದು.

ಯುವಕನ ಮಾತು

ಈ ಮನೆಗಳಲ್ಲಿ ಎಲ್ಲರೂ ಹುಡುಗನ ಬಗ್ಗೆ ಮಾತನಾಡುತ್ತಾರೆ; ಹುಡುಗನೊಡನೆ ಮಾತನಾಡುವವರು ಕಡಿಮೆ. ಕಾಯಿಲೆಯ ಹೆಸರನ್ನೂ ಗತಿಯನ್ನೂ ಅವನಿಂದ ಮುಚ್ಚಿಟ್ಟಿರುವೆವೆಂದು ಹಿರಿಯರು ಭಾವಿಸಿರುತ್ತಾರೆ. ಮೊಬೈಲ್ ಹಿಡಿಯಬಲ್ಲ ಹದಿಹರೆಯದವನಿಗೆ ಅದು ಗೊತ್ತಿಲ್ಲದಿರುವುದು ಅಪರೂಪ. ತಂದೆತಾಯಿ ನೊಂದಾರೆಂದು ಅವನು ಸುಮ್ಮನಿರುತ್ತಾನೆ, ಅವನು ನೊಂದಾನೆಂದು ಅವರು ಸುಮ್ಮನಿರುತ್ತಾರೆ. ಈ ಮೌನವನ್ನು ನಯವಾಗಿ ಬಿಡಿಸಲು ತರಬೇತಾದ ಸಮಾಜಕಾರ್ಯಕರ್ತರ ನೆರವು ಪಡೆಯಬಹುದು. ಅವನು ಕೇಳಿದಷ್ಟಕ್ಕೆ ನಿಜವನ್ನೇ ಹೇಳುವುದು, ಕೇಳದಿದ್ದುದನ್ನು ಹೇರದಿರುವುದು ಸರಿಯಾದ ಕ್ರಮ.

ಓದು ನಿಲ್ಲಬಾರದು. ತೋಳು ಸೋತ ಬಳಿಕವೂ ಬೆರಳುಗಳಲ್ಲಿ ಕೆಲಕಾಲ ಶಕ್ತಿಯಿರುತ್ತದೆ. ಗಣಕಯಂತ್ರದ ಮೂಲಕ ಪದವಿ ಮುಗಿಸಿದವರೂ, ದುಡಿಯುವವರೂ ಇದ್ದಾರೆ. ಜಾತ್ರೆ, ಮದುವೆ, ಎಡೆಯೂರಿನ ದರ್ಶನಗಳಿಂದ ಅವನನ್ನು ಬಿಟ್ಟುಹೋಗುವುದೂ ಸಲ್ಲದು.

ಅಂಗೈಯನ್ನು ಎತ್ತಿ ಹಿಡಿಯಲಾರದವನು ಇಷ್ಟಲಿಂಗಪೂಜೆ ಮಾಡುವುದು ಹೇಗೆಂಬ ಪ್ರಶ್ನೆ ಕೆಲವು ಮನೆಗಳಲ್ಲಿ ಏಳುತ್ತದೆ. ಕೈಯನ್ನು ಮಣೆಯ ಮೇಲೋ ದಿಂಬಿನ ಮೇಲೋ ಇರಿಸಿ ಮನೆಯವರೊಬ್ಬರು ಕೆಳಗಿನಿಂದ ಆಧಾರ ನೀಡಿದರೆ ಸಾಕು. ಲಿಂಗಪೂಜೆಗೆ ಬೇಕಾದದ್ದು ನೆಟ್ಟ ದೃಷ್ಟಿ ಮತ್ತು ಮನಸ್ಸು. ಈ ಯುವಕರ ದೃಷ್ಟಿಯನ್ನು ಕಾಯಿಲೆ ಮುಟ್ಟುವುದಿಲ್ಲ.

ಹದಿನೆಂಟು ತುಂಬಿದವನಿಗೆ ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸುವ ಹಕ್ಕೂ ಇದೆ. ಗಂಟಲಿಗೆ ರಂಧ್ರ ಮಾಡಿ ಯಂತ್ರ ಜೋಡಿಸುವುದು ಬೇಕೇ, ಕೊನೆಯ ದಿನಗಳು ತೀವ್ರನಿಗಾ ಘಟಕದಲ್ಲಿಯೇ ಮನೆಯಲ್ಲಿಯೇ ಎಂಬ ಪ್ರಶ್ನೆಗಳು ತುರ್ತಿನ ಗಳಿಗೆಯಲ್ಲಿ ಮೊದಲ ಬಾರಿಗೆ ಎದುರಾಗಬಾರದು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದನ್ನು ಜೀವಿಸುವ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು ಅದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇದರಂತೆ ಸ್ವಸ್ಥಚಿತ್ತದ ವಯಸ್ಕರು ಇಬ್ಬರು ಸಾಕ್ಷಿಗಳ ಎದುರು ತಮ್ಮ ಇಚ್ಛೆಯನ್ನು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬಹುದು. ಇದು ದಯಾಮರಣದ ಚುಚ್ಚುಮದ್ದಲ್ಲ. ಎಲ್ಲ ಚಿಕಿತ್ಸೆಯೂ ಬೇಕೆಂದು ಬಯಸುವ ಯುವಕನ ಬಯಕೆಯೂ ಅಷ್ಟೇ ಮಾನ್ಯ. ಅವನನ್ನು ಕೇಳಬೇಕು ಎಂಬುದಷ್ಟೇ ಇಲ್ಲಿಯ ಸಾರ.

ನೆರವು ಎಲ್ಲಿದೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲಿ ನರ ಹಾಗೂ ಸ್ನಾಯುರೋಗಗಳಿಗೆ ತಜ್ಞರಿದ್ದಾರೆ. ಕುಟುಂಬಗಳೊಡನೆ ಮಾತನಾಡುವ ಸಮಾಜಕಾರ್ಯ ವಿಭಾಗವೂ ಅಲ್ಲಿದೆ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಡುಶೇನ್ ಸೇರಿದ್ದು, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಹಾಗೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನು ಅದರ ಕೇಂದ್ರವಾಗಿ ಗುರುತಿಸಲಾಗಿದೆ. ಪ್ರತಿ ಬಾರಿಯೂ ಯುವಕನನ್ನು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದು ಅಸಾಧ್ಯ. ಇ-ಸಂಜೀವಿನಿ ದೂರವೈದ್ಯ ಸೇವೆಯ ಬಗ್ಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು. ಮನಸ್ಸು ಕುಸಿದಾಗ ಟೆಲಿ-ಮಾನಸ್‌ನ 14416ಕ್ಕೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತನಾಡಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಒಂದು. ಯುಡಿಐಡಿ ಗುರುತಿನ ಚೀಟಿ ಮಾಡಿಸಿದರೆ ಮಾಸಾಶನ ಹಾಗೂ ಸಾಧನ ಸಲಕರಣೆಗಳಿಗೆ ದಾರಿಯಾಗುತ್ತದೆ. ಸ್ನಾಯುಕ್ಷಯ ಸೇರಿದಂತೆ ಕೆಲವು ಕಾಯಿಲೆಗಳ ಪೀಡಿತರನ್ನು ನೋಡಿಕೊಳ್ಳುವವರಿಗೆ ಮಾಸಿಕ 1,000 ರೂಪಾಯಿ ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ 2024-25ರ ಆಯವ್ಯಯದಲ್ಲಿ ಘೋಷಿಸಿತು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಅರ್ಜಿಯ ಕೆಲಸ ಸುಲಭವಾಗುತ್ತದೆ.

ಒಂದು ಎಚ್ಚರಿಕೆಯ ಮಾತು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಮಗ ಎದ್ದು ನಡೆಯುತ್ತಾನೆಂಬ ಜಾಹೀರಾತುಗಳಿಗೆ ಹೊಲ ಮಾರಬೇಡಿ. ಸ್ನಾಯುಕ್ಷಯಕ್ಕೆ ಅದನ್ನು ಹಣ ಪಡೆದು ಮಾಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಒಪ್ಪುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಂಶವಾಹಿ ಚಿಕಿತ್ಸೆಯ ಬೆಲೆ 32 ಲಕ್ಷ ಡಾಲರ್. ಅದೂ ಪೂರ್ಣವಾಗಿ ಗುಣಪಡಿಸುವಂಥದ್ದಲ್ಲ. ಅದನ್ನು ಪಡೆದವರಲ್ಲಿ, ನಡಿಗೆ ಕಳೆದುಕೊಂಡಿದ್ದ ಇಬ್ಬರು ಯಕೃತ್ತು ವಿಫಲವಾಗಿ 2025ರಲ್ಲಿ ತೀರಿಕೊಂಡರು. ಸಂಶೋಧನೆ ಮುಂದುವರಿದಿದೆ. ಬೆಂಗಳೂರಿನಲ್ಲಿ ತಂದೆತಾಯಿಗಳೇ ಕಟ್ಟಿದ ಡಿಸ್ಟ್ರೋಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್ ಕೂಡ ಆ ಕೆಲಸದಲ್ಲಿ ತೊಡಗಿದೆ. ಭರವಸೆ ಇರಲಿ, ಆದರೆ ಇಂದಿನ ಆರೈಕೆಯ ಹಣವನ್ನು ಅದು ನುಂಗದಿರಲಿ.

ಭಕ್ತರು ಮಾಡಬಹುದಾದದ್ದು

1993ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಉಪಶಮನ ಸೇವೆಯ ಸಂಘವೊಂದನ್ನು ಆರಂಭಿಸಿದರು. ಅದರ ಬೆನ್ನಿಗೆ ಮಲಪ್ಪುರಂ ಮುಂತಾದೆಡೆ ನೆರೆಹೊರೆಯ ಜಾಲ ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಅಂಗಡಿಯವರು, ವಿದ್ಯಾರ್ಥಿಗಳು, ಗೃಹಿಣಿಯರು ತರಬೇತಿ ಪಡೆದು ತಮ್ಮ ಬೀದಿಯ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಆ ರಾಜ್ಯ ಸರ್ಕಾರವೇ ಉಪಶಮನ ನೀತಿಯನ್ನು ತಂದಿತು. ಅಲ್ಲಿ ಮೊದಲು ಒದಗಿದ್ದು ಜನರ ಸಮಯ. ಸರ್ಕಾರದ ನೀತಿ ಬಂದದ್ದು ಆಮೇಲೆ.

ದಾಸೋಹವೆಂದರೆ ಅನ್ನವೆಂದಷ್ಟೇ ನಾವು ತಿಳಿದಿದ್ದೇವೆ. ಈ ಮನೆಗಳಿಗೆ ಅನ್ನಕ್ಕಿಂತ ಹೊತ್ತಿನ ದಾಸೋಹ ಬೇಕಾಗಿದೆ. ಯುವಕನ ಬಳಿ ಎರಡು ಗಂಟೆ ಕುಳಿತು ತಾಯಿಯನ್ನು ಸಂತೆಗೋ ತವರಿಗೋ ಕಳುಹಿಸುವುದು, ಆಸ್ಪತ್ರೆಯ ದಿನ ವಾಹನ ಒದಗಿಸುವುದು, ಅರ್ಜಿ ತುಂಬಿಕೊಡುವುದು, ಅವನ ಓರಗೆಯ ಹುಡುಗರು ಕ್ರಿಕೆಟ್ ನೋಡಲು ಅವನ ಮನೆಯಲ್ಲಿಯೇ ಸೇರುವುದು. ಹೋದಾಗ "ಪಾಪ" ಎನ್ನಬೇಡಿ, ಹೊಸ ನಾಟಿವೈದ್ಯರ ವಿಳಾಸ ಕೊಡಬೇಡಿ. ಅವನ ಹೆಸರು ಹಿಡಿದು ಅವನನ್ನೇ ಮಾತನಾಡಿಸಿ. ತಮ್ಮ ಊರಿನಲ್ಲಿ ಇಂತಹ ಮನೆಯಿದ್ದರೆ, ಆ ಮನೆಯವರ ಒಪ್ಪಿಗೆ ಪಡೆದು ಶ್ರೀಮಠದ ಕಾರ್ಯಾಲಯಕ್ಕೆ ತಿಳಿಸಬಹುದು. ಸೇವೆಗೆ ಬರುವ ಭಕ್ತರೊಡನೆ ಸಂಪರ್ಕ ಕಲ್ಪಿಸುವುದು ನಮ್ಮ ಕರ್ತವ್ಯ.

ಯುವಕ ಲಿಂಗೈಕ್ಯನಾದ ಬಳಿಕವೂ ಈ ಸೇವೆ ಮುಗಿಯುವುದಿಲ್ಲ. ಶಿವಗಣಾರಾಧನೆಯವರೆಗೆ ಮನೆ ತುಂಬ ಜನ, ಅನಂತರ ಯಾರೂ ಇಲ್ಲ. ಇಪ್ಪತ್ತು ವರ್ಷ ರಾತ್ರಿಯ ಕರೆಗೆ ಎದ್ದ ತಾಯಿ ಈಗ ಯಾರೂ ಕರೆಯದಿದ್ದರೂ ಅದೇ ಹೊತ್ತಿಗೆ ಎಚ್ಚರಗೊಳ್ಳುತ್ತಾಳೆ. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಆ ಮನೆಯ ಬಾಗಿಲು ತಟ್ಟಿ, ಅವನ ಮಾತು ತೆಗೆದು, ಅವಳು ಹೇಳುವುದನ್ನು ಕೇಳಿ ಬನ್ನಿ.



ಕಾರ್ಯದರ್ಶಿ, ಶ್ರೀಮಠ